ಸ್ಕ್ರೂ ಮೇಲಿನ ಗುಲಾಬಿ ಚುಕ್ಕೆ

ಸೋಮವಾರ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಮಹಿಳಾ ಪೇದೆ ಅತ್ತೆಯ ಆಕ್ಸಿಜನ್ ಯಂತ್ರದ ಗಾಳಿ ಸೋಸುವ ಸ್ಪಂಜು ತೆಗೆದು, ಒಣಗಿದ್ದ ಇನ್ನೊಂದನ್ನು ಹಾಕಿದಳು. ತೆಗೆದದ್ದನ್ನು ತೊಳೆದು, ಹಿಂಡಿ, ಕಿಟಕಿಯಲ್ಲಿ ಒಣಗಲು ಇಟ್ಟಳು. ಅತ್ತೆಗೆ ಆಗತಾನೆ ನಿದ್ದೆ ಹತ್ತಿತ್ತು. ಯಂತ್ರದ ಹಿಂದಿನ ಸ್ಕ್ರೂಗಳ ಮೇಲೆ ಗುಲಾಬಿ ಉಗುರುಬಣ್ಣದ ಚುಕ್ಕೆಗಳಿದ್ದವು.

ಹತ್ತೂವರೆಗೆ ಠಾಣೆಗೆ ದೂರು ಬಂತು. ತಂದವನು ಯಂತ್ರದ ಕಂಪನಿಯ ಪ್ರತಿನಿಧಿ. ಹಳೆಯ ಕಂಪನಿಯನ್ನು ತಮ್ಮವರು ಕೊಂಡಿದ್ದಾರೆ, ಮನೆಮನೆಯಲ್ಲಿರುವ ಹಳೆಯ ಯಂತ್ರಗಳನ್ನೆಲ್ಲ ಮುಖ್ಯ ಕಚೇರಿಯಲ್ಲಿ ಕೂತೇ ನೆಟ್ ಮೂಲಕ ಬಂದ್ ಮಾಡಿದ್ದಾರೆ ಎಂದ. ಆದರೆ ಈ ಊರಿನ ಗಿರಾಕಿಗಳು ಹೊಸದನ್ನು ಕೊಳ್ಳಲು ಬರಲಿಲ್ಲ, ಜಗಳಕ್ಕೂ ಬರಲಿಲ್ಲ. ಯಂತ್ರಗಳು ಮತ್ತೆ ಓಡುವಂತೆ ಯಾರೋ ಒಳಗಿನ ಚಿಪ್ ಬದಲಿಸಿದ್ದಾರೆ.

"ಪೂರ್ತಿ ದುಡ್ಡು ಕೊಟ್ಟು ಕೊಂಡವರಲ್ವೇನ್ರಿ?" ಎಂದರು ಇನ್‌ಸ್ಪೆಕ್ಟರ್.

"ಯಂತ್ರ ಅವರದೇ ಸಾರ್. ಒಳಗಿನ ಪ್ರೋಗ್ರಾಮ್ ನಮ್ಮದು."

"ಅಂದ್ರೆ ಡಬ್ಬ ಅವರದು, ಉಸಿರು ನಿಮ್ಮದು."

ಪ್ರತಿನಿಧಿ ನಗಲಿಲ್ಲ. ಅಷ್ಟರಲ್ಲಿ ಕೇಸು ದಾಖಲಿಸಿ ಎಂದು ಮೇಲಧಿಕಾರಿಯ ಫೋನೂ ಬಂತು. ಎಫ್‌ಐಆರ್ ಬರೆದವಳು ಪೇದೆಯೇ. ಬಾಯಿ ಬಿಟ್ಟರೆ ಅತ್ತೆಯ ಯಂತ್ರವೂ ಜೀಪು ಹತ್ತುತ್ತದೆ. ಅವಳು ತಲೆ ಎತ್ತದೆ ಬರೆದಳು.

ಮಧ್ಯಾಹ್ನ ಇನ್‌ಸ್ಪೆಕ್ಟರ್, ಪೇದೆ ಇಬ್ಬರೂ ಪ್ರತಿನಿಧಿ ಕೊಟ್ಟ ವಿಳಾಸಕ್ಕೆ ಹೋದರು. ನಿವೃತ್ತ ಬಸ್ ಡ್ರೈವರನ ಮನೆ.

"ರಿಪೇರಿ ಮಾಡಿದ್ದು ಯಾರು?"

"ತಾನಾಗೇ ಸರಿಹೋಯ್ತು."

"ಸ್ಕ್ರೂ ಮೇಲೆ ಈ ಗುಲಾಬಿ ಬಣ್ಣ?"

"ನಂದೇ. ಈ ವಯಸ್ಸಲ್ಲಿ... ಸ್ವಲ್ಪ ಅಲಂಕಾರ... ಬೇಡ್ವಾ?" ಮುದುಕ ಏದುಸಿರಿನಲ್ಲೇ ನಕ್ಕ.

ಪಂಚನಾಮೆಯಾಯಿತು, ಯಂತ್ರ ಜಪ್ತಿಯಾಯಿತು. ಇನ್‌ಸ್ಪೆಕ್ಟರ್ ಮೇಲಿಂದ ಮೇಲೆ ಫೋನ್ ಮಾಡಿ, ಆಸ್ಪತ್ರೆಯ ವರಾಂಡದಲ್ಲಿ ಮುದುಕನಿಗೊಂದು ಹಾಸಿಗೆ ಹಾಕಿಸಿದರು. ಅವರ ಕೈಲಾದದ್ದು ಅಷ್ಟೇ.

ಹಳೆಯ ಕಂಪನಿಯ ಪರವಾಗಿ ಈ ಊರಿನಲ್ಲಿ ಇಂಥ ಯಂತ್ರಗಳನ್ನು ಕೂರಿಸಿದ್ದ ಮೆಕ್ಯಾನಿಕ್ ಒಬ್ಬನೇ. ಈಗ ಅವನು ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಿದ್ದ. ಮಂಗಳವಾರ ಅವನ ಅಂಗಡಿಗೆ ಹೋದಾಗ ಮೇಜಿನ ಮೇಲೆ ಗುಲಾಬಿ ಬಣ್ಣದ ಪುಟ್ಟ ಶೀಶೆ ಎದ್ದು ಕಾಣುತ್ತಿತ್ತು.

"ಏನಪ್ಪಾ, ನೀನೇ ಹಚ್ಕೋತೀಯಾ?"

"ಸ್ಕ್ರೂ ಬಿಗಿ ಮಾಡಿದ್ಮೇಲೆ ಒಂದು ಚುಕ್ಕೆ ಇಡ್ತೀವಿ ಸಾರ್. ಸ್ಕ್ರೂ ಸಡಿಲ ಆದ್ರೆ ಬಣ್ಣ ಬಿರುಕು ಬಿಡುತ್ತೆ. ಕಂಪನೀಲಿ ಕಲಿಸಿದ್ದು. ಅವರು ಕೊಟ್ಟ ಬಣ್ಣ ಮುಗೀತು, ಮಗಳ ಉಗುರುಬಣ್ಣ ತಂದ್ಕೊಂಡೆ."

"ಇನ್ಯಾವ ಯಾವ ಮನೇಲಿ ಮಾಡಿದೀಯ?"

ಮೆಕ್ಯಾನಿಕ್ ಪೇದೆಯ ಕಡೆ ನೋಡಿದ. ಅವಳು ಕೈಲಿದ್ದ ಕಾಗದದ ಮೇಲೆ ಬಗ್ಗಿದಳು.

"ನೆನಪಿಲ್ಲ ಸಾರ್," ಎಂದ.

ಬಂಧಿಸಿ ಠಾಣೆಗೆ ತಂದು ಹೇಳಿಕೆ ಪಡೆದರು. ಯಾರಿಂದಲೂ ಅವನು ದುಡ್ಡು ಮುಟ್ಟಿರಲಿಲ್ಲ.

"ಯಾಕೆ ಮಾಡಿದೆ ಮತ್ತೆ?"

"ಪ್ರತಿ ಮನೇಲೂ ಯಂತ್ರ ಕೂರಿಸಿ, 'ಇದು ಇನ್ನು ನಿಮ್ದು, ಧೈರ್ಯವಾಗಿ ಮಲಗಿ' ಅಂದವನು ನಾನೇ. ಬಂದ್ ಆಗುತ್ತೆ ಅಂತ ಹೇಳೋಕೂ ನನ್ನನ್ನೇ ಕಳಿಸಿದ್ರು. ಬಾಗಿಲವರೆಗೂ ಹೋದೆ ಸಾರ್. ಬಾಯಿ ಬರ್ಲಿಲ್ಲ."

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು, ಸಹಿ ಮಾಡಿದರು. ಪ್ರತಿನಿಧಿ ಧನ್ಯವಾದ ಹೇಳಿ, ಉಳಿದ ಮನೆಗಳನ್ನೂ ಬೇಗ ಹುಡುಕಿಸಿ ಎಂದು ಎದ್ದು ಹೋದ.

ಸಂಜೆ ಕೋರ್ಟಿಗೆ ಹೊರಟ ಜೀಪಿನಲ್ಲಿ ಮೆಕ್ಯಾನಿಕ್ಕನ ಪಕ್ಕ ಕೂತವಳು ಪೇದೆ. ಅವನು ಅವಳ ಕಡೆ ತಿರುಗಲಿಲ್ಲ. ಮುಂದಿನ ಸೀಟಿನ ಬೆನ್ನು ನೋಡುತ್ತ, ಎಲ್ಲರಿಗೂ ಎಂಬಂತೆ ಹೇಳಿದ:

"ಎಲ್ಲಾದ್ರೂ ಚುಕ್ಕೆ ಬಿರುಕು ಬಿಟ್ಟಿದ್ದು ಕಂಡ್ರೆ, ಯಾರಾದ್ರೂ ಒಂಚೂರು ಆ ಸ್ಕ್ರೂ ಬಿಗಿ ಮಾಡ್ತೀರಾ?"

ಜೀಪು ತಿರುವು ದಾಟಿತು.