ಬಿಗ್ ಪೂಲ್‌ನಲ್ಲಿ ಎರಡು ದಿನ ರೆಸ್ಟ್

"ಎರಡು ದಿನಾನಾ? ಅಪ್ಪಾ, ನೋ ವೇ!"

ಅಮೂಲ್ಯಾ ಆಗಲೇ ಹೆಲ್ಮೆಟ್ ಹಾಕಿಕೊಂಡು ತಯಾರಾಗಿ ನಿಂತಿದ್ದಳು. ಅಪ್ಪ ನೋಡಿದರೆ ಟೆಂಟಿನ ಮುಂದಿನ ಬೆಂಚಿನ ಮೇಲೆ ಕಾಲು ಚಾಚಿ ಕೂತು, ಬಲಮಂಡಿಗೆ ಘಮಘಮ ಬಾಮ್ ಹಚ್ಚಿಕೊಳ್ಳುತ್ತಿದ್ದ.

"ಏನ್ ಮಾಡ್ಲಿ ಪುಟ್ಟಿ, ಮಂಡಿ ಹಿಡ್ಕೊಂಡ್‌ಬಿಟ್ಟಿದೆ. ಇವತ್ತು, ನಾಳೆ ರೆಸ್ಟ್ ಡೇ. ನಾಡಿದ್ದು ಹೊರಡೋಣ."

"ಬಟ್ ನಮ್ ಪ್ಲಾನ್?"

"ಪ್ಲಾನ್ ಎಲ್ಲಿಗೂ ಓಡಿ ಹೋಗಲ್ಲ," ಎಂದು ಅಪ್ಪ ಮಂಡಿಗೆ ಬ್ಯಾಂಡೇಜ್ ಸುತ್ತತೊಡಗಿದ.

ಪ್ಲಾನ್ ಏನು ಸಣ್ಣದಾಗಿರಲಿಲ್ಲ. ಕಂಬರ್‌ಲ್ಯಾಂಡ್ ಊರಿನಿಂದ ವಾಷಿಂಗ್ಟನ್‌ವರೆಗೆ, ಒಂದು ಹಳೆಯ ಕಾಲುವೆಯ ದಂಡೆಯ ಮೇಲೆ ನೂರ ಎಂಬತ್ತನಾಲ್ಕೂವರೆ ಮೈಲಿ ಮಣ್ಣಿನ ದಾರಿ. ಮೈಲಿಗೊಂದು ಕಂಬ. ಮುಂದೆ ಹೋದಂತೆ ಕಂಬದ ನಂಬರ್ ಕಡಿಮೆಯಾಗುತ್ತದೆ. ಕೊನೆಯ ಕಂಬದ ಮೇಲೆ ಸೊನ್ನೆ. ಅಮೂಲ್ಯಾ ಮತ್ತು ಅಪ್ಪ ಮೂರು ದಿನ ಸೈಕಲ್ ತುಳಿದು ನೂರ ಹನ್ನೆರಡನೇ ಕಂಬಕ್ಕೆ ಬಂದಿದ್ದರು. ಅಲ್ಲಿ ಕಾಲುವೆ ಅಗಲವಾಗಿ, ಬಿಗ್ ಪೂಲ್ ಅನ್ನುವ ದೊಡ್ಡ ಕೆರೆಯಾಗಿ ನಿಂತಿದೆ. ಅದರ ದಡದಲ್ಲೇ ಅವರ ಟೆಂಟು.

ಇನ್ನು ಒಂದು ಗುಟ್ಟು. ರೆಸ್ಟ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಮೂಲ್ಯಾಳ ಎಡಮಂಡಿ 'ಅಬ್ಬಾ, ಬದುಕಿದೆ' ಎಂದಿತ್ತು. ಎರಡು ದಿನದಿಂದ ಅದು ನೋಯುತ್ತಿತ್ತು. ಪೆಡಲ್ ಮೇಲೆ ಬಂದಾಗಲೆಲ್ಲ ಒಳಗೆ ಚುಳುಕ್, ಚುಳುಕ್! ನಿನ್ನೆ ಸಂಜೆಯಂತೂ ಸೈಕಲ್ ಇಳಿಯುವಾಗ ಕಣ್ಣಲ್ಲಿ ನೀರೇ ಬಂದುಬಿಟ್ಟಿತ್ತು.

"ಕಾಲು ನೋಯ್ತಿದ್ಯಾ?" ಎಂದು ಅಪ್ಪ ಒಂದಲ್ಲ, ಮೂರು ಸಲ ಕೇಳಿದ್ದ.

"ಐ ಆ್ಯಮ್ ಫೈನ್," ಎಂದು ಅವಳು ಮೂರು ಸಲವೂ ಹೇಳಿದ್ದಳು.

ಹೇಳದೆ ಇನ್ನೇನು ಮಾಡುತ್ತಾಳೆ? ಹೋದ ವರ್ಷವೂ ಇದೇ ದಾರಿಯಲ್ಲಿ ಹೊರಟಿದ್ದರು. ಎರಡನೇ ದಿನವೇ ಅವಳು ಸುಸ್ತಾಗಿ ಜೋರಾಗಿ ಅತ್ತಿದ್ದಳು. ಅಪ್ಪ ಹಿಂದುಮುಂದು ನೋಡದೆ ಫೋನ್ ಮಾಡಿದ. ಅಮ್ಮ ತಾವಿರುವ ಹರ್ನ್‌ಡನ್ ಊರಿನಿಂದ ಕಾರು ತಂದು ಇಬ್ಬರನ್ನೂ ಮನೆಗೆ ಕರೆದುಕೊಂಡು ಹೋದಳು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಪವನ ಎಲ್ಲರ ಮುಂದೆ, "ನಿಮ್ಮಮ್ಮನ ಕಾರಿಗೂ ಪೆಡಲ್ ಇತ್ತಾ?" ಅಂದಿದ್ದ. ಇಡೀ ಕ್ಲಾಸು ನಕ್ಕಿತ್ತು. ಟೀಚರ್ ಪ್ರತಿಭಾ ಆಂಟಿ ಕೂಡ ಬಾಯಿಗೆ ಕೈ ಅಡ್ಡ ಹಿಡಿದಿದ್ದರು.

ಈ ಸಲ ಏನೇ ಆಗಲಿ, ಅಮ್ಮನ ಕಾರು ಬರಬಾರದು. ಸೊನ್ನೆ ಕಂಬ ಮುಟ್ಟಲೇಬೇಕು. ಮಂಡಿ ನೋವು ಅಂತ ಬಾಯಿ ಬಿಟ್ಟರೆ ಮುಗಿಯಿತು, ಅಪ್ಪ ಫೋನ್ ಎತ್ತಿಕೊಳ್ಳುತ್ತಾನೆ.

ಈಗ ನೋಡಿದರೆ ಅಪ್ಪನದೇ ಮಂಡಿ ಕೆಟ್ಟಿದೆ! ಅವಳಿಗೆ ಸಿಟ್ಟು, ಸಮಾಧಾನ ಎರಡೂ ಒಟ್ಟಿಗೆ ಬಂದವು.

ಹತ್ತು ಗಂಟೆಗೆ ಅಮ್ಮನ ಫೋನ್ ಬಂತು.

"ನಿಮ್ಮಪ್ಪನಿಗೆ ಮಂಡಿ ನೋವಂತೆ? ಕಾರ್ ತರ್ಲಾ? ಒಂದೂವರೆ ಗಂಟೆ ಡ್ರೈವ್ ಅಷ್ಟೆ."

"ಬೇಡ ಅಮ್ಮಾ! ಪ್ಲೀಸ್! ಅಪ್ಪಂಗೆ ಜಸ್ಟ್ ಲಿಟಲ್ ಪೇನ್!" ಎಂದು ಅಮೂಲ್ಯಾ ಅಪ್ಪನ ಪರವಾಗಿ ತಾನೇ ವಾದ ಮಾಡಿದಳು.

ಆಮೇಲೆ ಮಾಡಲು ಕೆಲಸವೇ ಇರಲಿಲ್ಲ. ಅಪ್ಪ ಮೊಸರು ಬೆರೆಸಿದ ಅವಲಕ್ಕಿ ಕೊಟ್ಟ. ಕೈಪಂಪಿನ ನೀರಿಗೆ ಔಷಧಿಯ ವಾಸನೆ. ಆ ನೀರಲ್ಲೇ ಕಾಫಿ ಮಾಡಿಕೊಂಡು, "ಆಸ್ಪತ್ರೆ ಕಾಫಿ!" ಎಂದು ಮುಖ ಹಿಂಡಿ ಕುಡಿದ. ಕೆರೆಯಲ್ಲಿ ಬಿದ್ದಿದ್ದ ಮರದ ದಿಮ್ಮಿಯ ಮೇಲೆ ಏಳು ಆಮೆಗಳು ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು. ಅಮೂಲ್ಯಾ ಹುಲ್ಲಿನ ಮೇಲೆ ಕಾಲು ನೀಡಿ ಮಲಗಿ ಅವನ್ನೇ ನೋಡಿದಳು. ಒಂದು ಗಂಟೆಯಾದರೂ ಒಂದೂ ಜಾಗ ಬಿಟ್ಟು ಕದಲಲಿಲ್ಲ. ಅವಳ ಮಂಡಿಯೂ ಸ್ವಲ್ಪ ಸುಮ್ಮನಾಯಿತು.

ಮಧ್ಯಾಹ್ನ ಗಲಾಟೆ ಶುರುವಾಯಿತು.

ಅಮ್ಮ ಕರಿದುಕೊಟ್ಟಿದ್ದ ನಿಪ್ಪಟ್ಟಿನ ಕೊನೆಯ ಕವರ್ ಬೆಂಚಿನ ಮೇಲಿತ್ತು. ಅಪ್ಪ ಕೈ ತೊಳೆಯಲು ಪಂಪಿನ ಹತ್ತಿರ ಹೋಗಿದ್ದ. ಎಲ್ಲಿತ್ತೋ ಏನೋ, ಒಂದು ದಪ್ಪ ಹೆಬ್ಬಾತು ಬಂದು ಕವರನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಕೆರೆಯ ಕಡೆ ದೌಡಾಯಿಸಿತು.

"ಏಯ್! ನಿಪ್ಪಟ್ಟು! ಬಿಡೇ ಅದನ್ನ!"

ಅಪ್ಪ ಓಡಿದ. ಸುಮ್ಮನೆ ಓಟವಲ್ಲ ಅದು, ಬಸ್ಸು ತಪ್ಪಿಸಿಕೊಂಡವನ ಓಟ! ಬೆಂಚು ಹಾರಿದ, ಟೆಂಟಿನ ಹಗ್ಗ ಹಾರಿದ, ನೀರಿನಂಚಿನಲ್ಲಿ ಎಗರಿ ಕವರಿನ ಒಂದು ತುದಿ ಹಿಡಿದೇಬಿಟ್ಟ. ಬಾತು ಇತ್ತ ಎಳೆಯಿತು, ಅಪ್ಪ ಅತ್ತ ಎಳೆದ. ಕವರ್ ಹರಿಯಿತು. ಅರ್ಧ ನಿಪ್ಪಟ್ಟು ಬಾತಿಗೆ, ಅರ್ಧ ಅಪ್ಪನಿಗೆ.

ಅಮೂಲ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಪ್ಪನೂ ನಗುತ್ತಲೇ ತಿರುಗಿದ. ಆಮೇಲೆ ಏನೋ ನೆನಪಾದವನಂತೆ ಒಮ್ಮೆಗೇ ಮುಖ ಕಿವುಚಿ, "ಅಯ್ಯೋ ಅಮ್ಮಾ" ಎಂದು ಕುಂಟುತ್ತಾ ಬರತೊಡಗಿದ.

ಕುಂಟುತ್ತಿದ್ದದ್ದು ಎಡಗಾಲು. ಬ್ಯಾಂಡೇಜ್ ಇದ್ದದ್ದು ಬಲಗಾಲಿಗೆ.

ಅಮೂಲ್ಯಾಳ ನಗು ನಿಂತಿತು. ಎದ್ದು ಮರಕ್ಕೆ ಒರಗಿಸಿದ್ದ ತನ್ನ ಸೈಕಲ್ಲಿನ ಹತ್ತಿರ ಹೋಗಿ ನಿಂತಳು. ಮಂಡಿ ನೋವಿಲ್ಲದವನಿಗೆ ರೆಸ್ಟ್ ಯಾಕೆ ಬೇಕಾಯಿತು? ಯೋಚಿಸುತ್ತಾ ಸೀಟಿನ ಮೇಲೆ ಕೈ ಇಟ್ಟಳು. ಸೀಟು ಯಾಕೋ ಎತ್ತರವಾದಂತೆ ಕಂಡಿತು.

ಬಗ್ಗಿ ನೋಡಿದಳು. ಸೀಟಿನ ಕೆಳಗಿನ ಕಂಬಿಗೆ ಕೆಂಪು ನೇಲ್ ಪಾಲಿಶ್ ಗೆರೆಯಿತ್ತು. ಹೋದ ವರ್ಷ ಅವಳ ಎತ್ತರಕ್ಕೆ ಸೀಟು ಕೂಡಿಸಿ, ಮರೆಯದಿರಲಿ ಅಂತ ಅಪ್ಪನೇ ಅಮ್ಮನ ನೇಲ್ ಪಾಲಿಶ್ ತಂದು ಎಳೆದ ಗೆರೆ ಅದು. ಈ ವರ್ಷವೂ ಅದೇ ಗೆರೆಗೆ ಸರಿಯಾಗಿ ಸೀಟು ಬಿಗಿದು ಹೊರಟಿದ್ದರು. ಈ ಒಂದು ವರ್ಷದಲ್ಲಿ ಅಮೂಲ್ಯಾ ಮೂರು ಇಂಚು ಬೆಳೆದಿದ್ದಾಳೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಅವಳನ್ನು ನಿಲ್ಲಿಸಿ ಆ ಮೂರು ಇಂಚನ್ನು ಅಳೆದವನೂ ಇದೇ ಅಪ್ಪ!

ಈಗ ಆ ಕೆಂಪು ಗೆರೆ ಎರಡು ಬೆರಳು ಮೇಲೆ ಬಂದಿತ್ತು. ಅವಳು ಏಳುವ ಮೊದಲೇ ಯಾರೋ ಸೀಟು ಎತ್ತರಿಸಿ ಗಟ್ಟಿಯಾಗಿ ಬಿಗಿದಿದ್ದರು.

ಅಮೂಲ್ಯಾ ಮರ ಹಿಡಿದುಕೊಂಡು ಸೈಕಲ್ ಹತ್ತಿದಳು. ಎಡಗಾಲಿನಿಂದ ಪೆಡಲನ್ನು ಹಿಂದಕ್ಕೆ ಒಂದು ಸುತ್ತು ತಿರುಗಿಸಿದಳು. ಈಗ ಮಂಡಿ ಅಷ್ಟು ಮಡಚಲಿಲ್ಲ. ಸಣ್ಣಗೆ ನೋಯಿತು, ಚುಳುಕ್ ಅನ್ನಲಿಲ್ಲ.

"ಏನ್ ಮೇಡಂ, ಒಬ್ರೇ ಹೊರಟುಬಿಟ್ರಾ?" ಅಪ್ಪ ಕುಂಟುತ್ತಾ ಹತ್ತಿರ ಬಂದ. ಕೈಯಲ್ಲಿ ಗೆದ್ದು ತಂದ ನಿಪ್ಪಟ್ಟಿತ್ತು.

"ಅಪ್ಪಾ, ಆ ಕಾಲಲ್ಲ. ನಿಂದು ಬಲಗಾಲು."

ಅಪ್ಪ ಬಗ್ಗಿ ತನ್ನ ಕಾಲು ನೋಡಿಕೊಂಡ. ಬ್ಯಾಂಡೇಜ್ ನೋಡಿದ. ಸಿಕ್ಕಿಬಿದ್ದ ಹುಡುಗನ ಹಾಗೆ ತಲೆ ಕೆರೆದುಕೊಂಡ.

ಅಮೂಲ್ಯಾ ಸೈಕಲ್ಲಿನಿಂದ ಇಳಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಎಡಗಾಲು ನಂದು."

"ಹೂಂ," ಎಂದ ಅಪ್ಪ. "ತುಂಬಾ ನೋವಾ?"

"ನಿನ್ನೆ ತುಂಬಾ ಇತ್ತು. ಐ ಥಾಟ್... ನೀನು ಅಮ್ಮಂಗೆ ಕಾಲ್ ಮಾಡ್ತೀಯ ಅಂತ."

"ಹೋದ್ ವರ್ಷ ನಿನ್ನ ಕೇಳದೇ ಮಾಡಿದ್ನಲ್ಲ," ಎಂದು ಅಪ್ಪ ಹೇಳಿದ. "ಒಂದು ವಾರ ನನ್ ಜೊತೆ ಮಾತೇ ಆಡ್ಲಿಲ್ಲ ನೀನು."

ಅಪ್ಪ ಅದನ್ನು ನೆನಪಿಟ್ಟುಕೊಂಡಿದ್ದಾನೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಪ್ಪ ಬೆಂಚಿನ ಮೇಲೆ ಕೂತು ತನ್ನ ಮಂಡಿಯ ಬ್ಯಾಂಡೇಜ್ ಬಿಚ್ಚಿದ. ಅಮೂಲ್ಯಾ ಎದುರಿಗೆ ಕೂತು ಎಡಗಾಲನ್ನು ಅವನ ತೊಡೆಯ ಮೇಲಿಟ್ಟಳು. ಬಾಮ್ ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು. ಅಪ್ಪ ಅದೇ ಬ್ಯಾಂಡೇಜನ್ನು ಅವಳ ಮಂಡಿಗೆ ನಿಧಾನವಾಗಿ ಸುತ್ತಿದ.

ಅಷ್ಟರಲ್ಲಿ ಮತ್ತೆ ಫೋನ್ ಬಂತು. ಅಪ್ಪ ತಾನು ಎತ್ತದೆ ಅದನ್ನು ಅಮೂಲ್ಯಾಳ ಕೈಗೆ ಕೊಟ್ಟ.

"ಹೇಗಿದೆ ನಿಮ್ಮಪ್ಪನ ಮಂಡಿ?" ಎಂದು ಅಮ್ಮ ಕೇಳಿದಳು.

"ಅಪ್ಪನ್ದು ಚೆನ್ನಾಗಿದೆ ಅಮ್ಮಾ. ನೋಯ್ತಿರೋದು ನನ್ ಮಂಡಿ," ಎಂದಳು ಅಮೂಲ್ಯಾ. "ಕಾರ್ ಬೇಡ. ನಾಳೆನೂ ಇಲ್ಲೇ ರೆಸ್ಟ್ ಮಾಡ್ತೀವಿ. ನಾಡಿದ್ದು ನೋವಿದ್ರೆ ನಾನೇ ಫೋನ್ ಮಾಡ್ತೀನಿ."

ಹಾಗೆಂದು ಫೋನ್ ಕೆಳಗಿಟ್ಟು, ಉಳಿದಿದ್ದ ನಿಪ್ಪಟ್ಟನ್ನು ಮುರಿದು ದೊಡ್ಡ ಚೂರನ್ನು ಅಪ್ಪನಿಗೆ ಕೊಟ್ಟಳು.