ಎರಡೂವರೆ ಗಂಟೆಯ ದಿಲ್ಲಿ

ಪಾಲುಪಟ್ಟಿಗೆ ಸಹಿ ಹಾಕಿದ ದಿನ ಚಿಕ್ಕಸ್ವಾಮಿಯ ಬುದ್ಧಿ ಎಲ್ಲಿಗೆ ಹೋಗಿತ್ತೋ. ನಾಲೆ ಬದಿಯ ಗದ್ದೆ ಅಣ್ಣ ಬೋರಯ್ಯನಿಗೆ, ಜಾಲಿ ಬೆಳೆಯುವ ದಿಬ್ಬ ತನಗೆ. ಬಾಡೂಟದ ಖುಷಿಯಲ್ಲಿ ತಲೆಯಾಡಿಸಿದವನೂ ತಾನೇ. ಈಗ ಪಾಲೇ ಆಗಿಲ್ಲವೆಂದು ಕೆ.ಆರ್. ಪೇಟೆ ಕೋರ್ಟಿನಲ್ಲಿ ದಾವೆ ಹಾಕಿದ್ದ. ಅಣ್ಣನ ಟ್ರಂಕಿನಲ್ಲಿದ್ದ, ರಿಜಿಸ್ಟರೂ ಆಗದ ಆ ಒಂದು ಹಾಳೆ ಇಲ್ಲವಾದರೆ ಅರ್ಧ ಗದ್ದೆ ಅವನದು. ಆದರೆ ಹಾಳೆ ಕಳುವಾದರೆ ಊರು ಮೊದಲು ಹಿಡಿಯುವುದೂ ಅವನನ್ನೇ.

ತೊಂಬತ್ತೈದರ ಮಾರ್ಚಿನಲ್ಲಿ ತಾಲ್ಲೂಕಿನ ರೈತರ ತಂಡವೊಂದು ದಿಲ್ಲಿಯ ಕೃಷಿ ಮೇಳಕ್ಕೆ ಹೊರಟಿತು. ಚಿಕ್ಕಸ್ವಾಮಿಯೂ ಸೇರಿಕೊಂಡ. ಊರಿಗೆ ದಿಲ್ಲಿಯೆಂದರೆ ರೈಲಿನಲ್ಲಿ ಎರಡು ರಾತ್ರಿಯ ದೂರ. ಅವನಿಗೆ ಮಾತ್ರ ಮೈಸೂರಿನ ಟಿಕೆಟ್ ಏಜೆಂಟ್ ಒಬ್ಬ ಹೇಳಿದ್ದ: ದಿಲ್ಲಿಯಿಂದ ಬೆಂಗಳೂರಿಗೆ ಸಾವಿರದ ಏಳುನೂರು ಕಿಲೋಮೀಟರು, ವಿಮಾನಕ್ಕೆ ಎರಡೂವರೆ ಗಂಟೆ. ಏಳನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನು ಬೀಡಿ ಕಟ್ಟಿನ ಕಾಗದದ ಮೇಲೆ ಲೆಕ್ಕ ಹಾಕಿದ. ಬೆಳಿಗ್ಗೆ ಹಾರಿದರೆ ಮಧ್ಯಾಹ್ನ ಊರು, ಸಂಜೆ ಹಾರಿದರೆ ರಾತ್ರಿ ಮತ್ತೆ ದಿಲ್ಲಿ. ತನ್ನ ತಲೆಯ ಬಗ್ಗೆ ಅವನಿಗೇ ಗೌರವ ಬಂತು.

ತಂಡ ಆಗ್ರಾ ನೋಡಲು ಹೊರಟ ದಿನ ಹೊಟ್ಟೆನೋವೆಂದು ಲಾಡ್ಜಿನಲ್ಲೇ ಉಳಿದ. ಜವರಯ್ಯನೆಂಬ ಸುಳ್ಳು ಹೆಸರಿನ ಟಿಕೆಟ್ಟಿನಲ್ಲಿ ವಿಮಾನ ಹತ್ತಿದ. ಅದು ನೆಲ ಬಿಟ್ಟಾಗ ಪಕ್ಕದ ಸರ್ದಾರ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೊಂದೇ ಯೋಜನೆಯಲ್ಲಿ ಇರಲಿಲ್ಲ. ಬೆಂಗಳೂರಿನಿಂದ ಬಾಡಿಗೆ ಕಾರು. ಪಕ್ಕದೂರು ಹೊಸಹೊಳಲಿನ ಆಚೆಗೇ ಕಾರು ನಿಲ್ಲಿಸಿ, ತಲೆಗೆ ಟವೆಲ್ ಸುತ್ತಿ, ಹೊಲದ ಬದುವಿನ ಮೇಲೆ ನಡೆದ.

ಅವನು ಮೊದಲೇ ಲೆಕ್ಕ ಹಾಕಿದ್ದಂತೆ ಎರಡೂ ಮನೆಯವರು ಪೇಟೆಯ ಛತ್ರಕ್ಕೆ ಮದುವೆಗೆ ಹೋಗಿದ್ದರು. ಎರಡೂ ಮನೆಗೆ ಸೇರಿದ ಹಿತ್ತಿಲ ಕೊಟ್ಟಿಗೆಯಿಂದ ಅಣ್ಣನ ಮನೆ ಒಳಹೊಕ್ಕು, ಸೂರಿನ ಸಂದಿಯ ಬೀಗದ ಕೈಯಿಂದ ಟ್ರಂಕು ತೆಗೆದು, ಹಾಳೆಯನ್ನು ಅಣ್ಣನ ಒಲೆಯಲ್ಲೇ ಸುಟ್ಟ. ವಾಪಸು ಬರುವಾಗ ಕೊಟ್ಟಿಗೆಯಲ್ಲಿ ಅವನ ಹಸು ಕೆಚ್ಚಲು ಬಿಗಿದು ಅರಚುತ್ತಿತ್ತು. ಕರುವನ್ನು ದೂರ ಕಟ್ಟಿದ್ದರು. ಅದನ್ನು ಹಾಗೇ ಬಿಟ್ಟು ಹೋಗಲಾಗಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಹಾಲು ಕರೆದ. ಕರೆದ ಹಾಲನ್ನು ನೆಲಕ್ಕೆ ಚೆಲ್ಲಲು ಹುಟ್ಟಿನಿಂದ ಕಲಿತವನಲ್ಲ. ತಂಬಿಗೆಗೆ ತಟ್ಟೆ ಮುಚ್ಚಿ, ಗೋಡೆಯ ಗೂಡಿನಲ್ಲಿಟ್ಟು ಹೋದ. ತಂಡ ತಡರಾತ್ರಿ ಆಗ್ರಾದಿಂದ ಬರುವಾಗ ಲಾಡ್ಜಿನಲ್ಲಿ ಮಲಗಿದ್ದ.

ವಾರದ ಮೇಲೆ ತಂಡದೊಡನೆ ರೈಲಿನಲ್ಲಿ ಬಂದಿಳಿದ. ಮದುವೆ ದಿನ ಹಾಳೆ ಕಳುವಾಯಿತೆಂಬ ದೂರಿಗೆ ಜಗಲಿಯಲ್ಲಿ ಹೆಡ್ ಕಾನ್‌ಸ್ಟೇಬಲ್ಲು, ಅಣ್ಣ, ಅರ್ಧ ಊರು.

"ಚಿಕ್ಕಸ್ವಾಮಿ ನಮ್ ಜೊತೇಲೆ ಇದ್ದ ಕಣಣ್ಣ. ಮದ್ವೆ ದಿನ ಹೊಟ್ಟೆನೋವು ಅಂತ ದಿಲ್ಲಿ ಲಾಡ್ಜಲ್ಲೇ ಮಲಗಿದ್ದ," ಎಂದ ತಂಡದ ತಮ್ಮಯ್ಯ.

ಬೋರಯ್ಯನ ಮುಖ ಇಳಿಯಿತು. "ತೆಪ್ಪಾಯ್ತು ಕಣ್ಲಾ. ನಿನ್ ಮೇಲೇ ಅನುಮಾನ ಪಟ್ಬುಟ್ಟೆ," ಎಂದ. ಚಿಕ್ಕಸ್ವಾಮಿಗೆ ನಿಜಕ್ಕೂ ನಾಚಿಕೆಯಾಯಿತು. ಗದ್ದೆಯ ಖುಷಿ ಅದಕ್ಕಿಂತ ಸ್ವಲ್ಪ ಹೆಚ್ಚಾಯಿತು.

ಹೆಂಡತಿ ಪುಟ್ಟತಾಯಮ್ಮ ಕಾಫಿ ತಂದಳು. "ನೀವು ಬಂದ್ರಲ್ಲ, ಸದ್ಯ ಉಳ್ಕಂಡೆ. ನಿಮ್ ಹಸ ನಾ ಹತ್ರ ಹೋದ್ರೆ ಒದೀತದೆ, ಭಾವ ಹೋದ್ರೆ ಹಾಯ್ತದೆ. ಅದು ಕರು ಹಾಕ್ದಾಗಿಂದ ನೀವಲ್ದೆ ಇನ್ಯಾರೂ ಒಂದ್ ತೊಟ್ಟು ಕರೆದಿಲ್ಲ. ದಿನಾ ಕರೂಗೇ ಕುಡಿಸ್ತಿದ್ದೊ. ಆ ಮದ್ವೆ ದಿನ ಮಾತ್ರ ಬಂದು ನೋಡ್ತೀನಿ, ಗೂಡಲ್ಲಿ ತಂಬಿಗೆ ತುಂಬ ಹಾಲು." ಕಾನ್‌ಸ್ಟೇಬಲ್ಲು ಕಾಫಿ ಲೋಟವನ್ನು ಕೆಳಗಿಟ್ಟು ಚಿಕ್ಕಸ್ವಾಮಿಯನ್ನು ಕೇಳಿದ: "ದಿಲ್ಲಿಗೆ ಇಮಾನ ಎಷ್ಟ್ ಗಂಟೇಲಪ್ಪ ಹೋಯ್ತದೆ?"