ಮೂರನೇ ಮಹಡಿಯ ಕೆಮ್ಮು

"ನನ್ನ ವಸ್ತುವನ್ನ ನಾನೇ ಕದ್ದಿದ್ದೀನಂತೆ ಸರ್! ಓದಿ, ನೀವೇ ಓದಿ!"

ಕಚೇರಿಯ ಬಾಗಿಲು ತೆರೆದು ಐದು ನಿಮಿಷವೂ ಆಗಿರಲಿಲ್ಲ. ಬಂದವನು ಟೈಲ್ಸ್ ಅಂಗಡಿಯೊಂದರ ಮಾರಾಟಗಾರ. ಅಂಗಿಯ ಜೇಬಿನ ಮೇಲೆ ಅಂಗಡಿಯ ಗುರುತು, ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು. ಕುರ್ಚಿ ತೋರಿಸಿದರೂ ಕೂರದೆ ಮೊಬೈಲನ್ನು ನಮ್ಮ ವಕೀಲರ ಮುಂದೆ ಹಿಡಿದ.

ವಿಡಿಯೋ ಗೇಮ್ ಕಂಪನಿಯೊಂದರ ನೋಟಿಸು. "ಏಳು ಮೆಟ್ಟಿಲ ಓಣಿ" ಎಂಬ ಮ್ಯಾಪನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ಹಂಚಿದ್ದೀರಿ. ಅದನ್ನು ತೆಗೆದುಹಾಕಿದ್ದೇವೆ. ನಿಮ್ಮ ಖಾತೆಯನ್ನು ಮುಚ್ಚಿದ್ದೇವೆ.

"ಈ ಮ್ಯಾಪ್ ಮಾಡಿದ್ದು ಯಾರು?" ವಕೀಲರು ಕೇಳಿದರು.

"ನಾವೇ! ಮೂರು ಜನ. ಐದು ವರ್ಷ ಕೂತು ಮಾಡಿದ್ದು."

ಅವನು ಏದುಸಿರು ಬಿಡುತ್ತಲೇ ವಿವರಿಸಿದ. ಅದು ಅಡಗಿಕೊಳ್ಳುವವರನ್ನು ಹುಡುಕಿ ಹಿಡಿಯುವ ಆಟ. ಆಟ ಕಂಪನಿಯದು. ಆದರೆ ಕಂಪನಿಯೇ ಕೊಟ್ಟ ಸಲಕರಣೆಯಿಂದ ಆಟಗಾರರು ತಮ್ಮದೇ ಬೀದಿ, ಮನೆ, ಊರುಗಳನ್ನು ಕಟ್ಟಬಹುದು. ಅದಕ್ಕೇ ಮ್ಯಾಪ್ ಅನ್ನುತ್ತಾರೆ. ಗೋಡೆ ಕಟ್ಟಿದವನು ಇವನು, ಅಡ್ಡಹೆಸರು ಗಾರೆ. ಬಾಗಿಲು ತೆರೆಯಲು, ದೀಪ ಹತ್ತಲು ಬೇಕಾದ ಕೋಡ್ ಬರೆದವನು ಶಾಲೆಯೊಂದರ ಪ್ರಯೋಗಾಲಯ ಸಹಾಯಕ. ಸದಾ ಗೊಣಗುತ್ತಿದ್ದುದರಿಂದ ಗೊಣಗ. ಸದ್ದುಗಳನ್ನೆಲ್ಲ ಕೂಡಿಸಿದವಳು ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುವ ಹೆಂಗಸು, ಅವಳು ಗಂಟಲು. ಆಟಗಾರರ ಪತ್ರಗಳಿಗೆ ಉತ್ತರ ಬರೆಯುತ್ತಿದ್ದವಳೂ ಅವಳೇ. ಗಾರೆ ತನ್ನ ಖಾತೆಯಿಂದ ಹಂಚಿದ್ದ ಆ ಓಣಿಯಲ್ಲಿ ಸಾವಿರಾರು ಜನ ಪುಕ್ಕಟೆಯಾಗಿ ಆಡುತ್ತಿದ್ದರು. ಇವತ್ತು ಅದೇ ಓಣಿ ಕಂಪನಿಯ ಅಂಗಡಿಯಲ್ಲಿ ಮಾರಾಟಕ್ಕಿದೆ. ಯಾರೋ ಒಬ್ಬರು "ಇದರ ಏಕೈಕ ಕರ್ತೃ ನಾನೇ" ಎಂದು ಸಹಿ ಹಾಕಿ ಕೊಟ್ಟಿದ್ದಾರೆ.

"ಯಾರ ಸಹಿ?"

"ಹೇಳಲ್ವಂತೆ. ಹೆಸರು ಗೋಪ್ಯವಾಗಿಡಿ ಅಂತ ಅವರೇ ಕೇಳ್ಕೊಂಡಿದಾರಂತೆ."

"ಬಿಚ್ಚಿ ತಿದ್ದೋಕೆ ಬರೋ ಮೂಲ ಪ್ರತಿ ಯಾರ್ಯಾರ ಹತ್ರ ಇತ್ತು?"

ಪ್ರಶ್ನೆ ಬಂದದ್ದು ಮೂಲೆಯ ಕುರ್ಚಿಯಿಂದ. ಅಲ್ಲಿ ಕರಡಿ ಮೇಡಂ ಕೂತಿದ್ದರು. ಮೂವತ್ತೆರಡು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತರಾದವರು. ಕರಡು ಕರಡಿಯಾದದ್ದು ಅಲ್ಲಿನ ಅಚ್ಚಿನ ಮೊಳೆ ಜೋಡಿಸುವವರ ಕುಚೋದ್ಯ. ಅವರು ಅದನ್ನು ತಿದ್ದಲು ಹೋಗಲಿಲ್ಲ. ಈಗ ನಮ್ಮ ಕಚೇರಿಗೆ ಬರುವ ದಸ್ತಾವೇಜುಗಳಲ್ಲಿ ಸುಳ್ಳು ಹೆಕ್ಕುವುದು ಅವರ ಕೆಲಸ. ಅವರು ಹೇಳಿದ್ದನ್ನು ಬರೆದುಕೊಳ್ಳುವುದು ಜೂನಿಯರ್ ವಕೀಲನಾದ ನನ್ನ ಕೆಲಸ.

"ಮೂವರ ಹತ್ರಾನೂ ಇತ್ತು," ಎಂದ ಗಾರೆ.

"ಹೊರಗಿನವರ ಹತ್ರ?"

"ಇಲ್ಲವೇ ಇಲ್ಲ. ಮೂಲ ಪ್ರತಿ ಇಲ್ದೆ ಕಂಪನಿ ತಗೊಳ್ಳೋದೂ ಇಲ್ಲ."

"ಹಾಗಾದ್ರೆ ನೀವು ಬೀದೀಲಿ ಹುಡುಕಬೇಕಾಗಿಲ್ಲ ಬಿಡಿ. ಕದ್ದವರು ಮನೆಯೊಳಗೇ ಇದಾರೆ."

ಗಾರೆ ಆಗ ಕುರ್ಚಿಯಲ್ಲಿ ಕುಸಿದು ಕೂತ.

ವಕೀಲರು ಒಪ್ಪಂದದ ಹದಿನಾರು ಪುಟಗಳನ್ನು ಓದಿ ಮುಗಿಸಿದಾಗ ಮಧ್ಯಾಹ್ನವಾಗಿತ್ತು. "ಇಟ್ಟಿಗೆ ಕಂಪನಿದು. ಗೋಡೆ ಇವರದು. ಹೊಸದಾಗಿ ಸೇರಿಸಿದ್ದೆಲ್ಲ ಅದನ್ನ ಮಾಡಿದವರಿಗೆ ಸೇರುತ್ತೆ ಅಂತ ಇದೆ. ಆದ್ರೆ ಇವರು ಹೊರಗೆಲ್ಲೂ ಮಾರೋ ಹಾಗಿಲ್ಲ. ಕಂಪನಿಗೆ ಕೊಡಬೇಕು ಅಂದ್ರೆ ಮಾಡಿದವರೆಲ್ಲ ಸಹಿ ಹಾಕಬೇಕು."

"ಒಬ್ಬರೇ ಹಾಕಿದ್ರೆ?" ಮೇಡಂ ಕೇಳಿದರು.

"ಸುಳ್ಳು ಸಹಿ. ಆದ್ರೆ ಯಾರು ಹಾಕಿದ್ದು ಅಂತ ತಿಳೀದೆ ಯಾರ ಮೇಲೆ ಅಂತ ಹೋಗೋಣ?"

ಸಹಿ ಯಾರದು, ಮ್ಯಾಪಿನಲ್ಲಿ ನೀವು ಏನಾದರೂ ತಿದ್ದಿದ್ದೀರಾ ಎಂದು ಕೇಳಿ ಅಂದೇ ಕಂಪನಿಗೆ ಪತ್ರ ಹೋಯಿತು. ಗಾರೆ ನಮ್ಮ ಕಂಪ್ಯೂಟರಿನಲ್ಲೇ ಹೊಸ ಖಾತೆ ತೆರೆದು ಓಣಿಯನ್ನು ಕೊಂಡ. "ನಾನು ಕಟ್ಟಿದ ಮನೆಗೆ ನಾನೇ ಟಿಕೆಟ್ ತಗೊಳ್ಳೋ ಹಾಗಾಯ್ತು," ಎಂದ. ನಗಲು ಹೋದ, ಆಗಲಿಲ್ಲ.

ಪರದೆಯ ಮೇಲೆ ಓಣಿ ತೆರೆದುಕೊಂಡಿತು. ಏಳು ಮೆಟ್ಟಿಲು ಇಳಿದರೆ ಇಕ್ಕಟ್ಟಾದ ದಾರಿ. ಸುಣ್ಣ ಉದುರಿದ ಗೋಡೆಗಳು, ಒಗೆದು ಹರವಿದ ಬಟ್ಟೆ, ಬೀಗ ಹಾಕಿದ ಚಪ್ಪಲಿ ಅಂಗಡಿ. ತೊಟ್ಟಿಕ್ಕುವ ನಲ್ಲಿ. ಎಲ್ಲೋ ಸೈಕಲ್ಲಿನ ಚೈನು ಕಟಕಟ ಎನ್ನುತ್ತಿತ್ತು. ಮನುಷ್ಯರು ಈಗಷ್ಟೇ ಒಳಗೆ ಹೋಗಿದ್ದಾರೆ ಅನ್ನಿಸುವ ಹಾಗಿತ್ತು.

ಒಂದು ಮನೆಯ ಕೆಳಗೆ ಗಾರೆ ನಿಂತ. ಮೇಲೆ ಮೂರನೇ ಮಹಡಿಯಲ್ಲಿ ದೀಪ ಹತ್ತಿತು, ಕಿಟಕಿ ತೆರೆಯಿತು. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಿತು.

"ಇಲ್ಲೊಂದು ಕೆಮ್ಮು ಇತ್ತು ಮೇಡಂ. ಮುದುಕರ ಕೆಮ್ಮು. ಗಂಟಲು ಅಕ್ಕನ ಅಪ್ಪಂದು. ಅವರು ಇದ್ದಾಗಲೇ ಅಕ್ಕ ರೆಕಾರ್ಡ್ ಮಾಡಿದ್ದು. ತೀರಿಕೊಂಡು ಎರಡು ವರ್ಷ ಆಯ್ತು. ಕಂಪನಿಯವರು ಅದನ್ನೂ ಕಿತ್ತುಹಾಕಿದಾರೆ ನೋಡಿ."

"ಇನ್ನೊಂದು ಸಲ ಅಲ್ಲೇ ನಿಲ್ಲಿ," ಎಂದರು ಕರಡಿ ಮೇಡಂ.

ಹೆಡ್‌ಫೋನ್ ಕಿವಿಗೆ ಹಾಕಿಕೊಂಡು, ಕೈಗಡಿಯಾರ ನೋಡುತ್ತ ಮೂರು ಸಲ ಕಿಟಕಿ ತೆರೆಸಿದರು.

ಮೇಡಂಗೂ ನನಗೂ ಗೊಣಗ ಸಿಕ್ಕಿದ್ದು ಶಾಲೆಯ ಪ್ರಯೋಗಾಲಯದಲ್ಲಿ. ಗಾಜಿನ ನಳಿಕೆಗಳನ್ನು ತೊಳೆದು ಬೋರಲು ಹಾಕುತ್ತಿದ್ದ.

"ನನ್ನ ಮೇಲೇ ಅನುಮಾನ ಅಂತ ಗೊತ್ತು. ಜಗಳಗಂಟ ಅಲ್ವಾ ನಾನು?"

"ಜಗಳ ಆಡಿದ್ರಾ?" ಮೇಡಂ ಕೇಳಿದರು.

"ಐದು ವರ್ಷ ಆಡಿದೀನಿ. ಗಾರೆ ಮೆಟ್ಟಿಲು ಎತ್ತರ ಮಾಡಿದ ಅಂತ ಒಂದು ತಿಂಗಳು ಮಾತು ಬಿಟ್ಟಿದ್ದೆ."

"ಕೆಮ್ಮಿನ ವಿಷಯಕ್ಕೆ?"

ಅವನ ಕೈ ನಿಂತಿತು. "ತೆಗೀರಿ ಅಂದಿದ್ದೆ. ಆ ಕಿಟಕಿ ಕೆಳಗೆ ಯಾರು ಅಡಗಿದ್ರೂ ಮೇಲಿಂದ ಕೆಮ್ಮು. ತಕ್ಷಣ ಸಿಕ್ಕಿಬೀಳ್ತಾರೆ. ಆಟಕ್ಕೆ ತೊಂದ್ರೆ. ಅವರ ಅಪ್ಪ ಹೋದಮೇಲೆ ಮತ್ತೆ ಆ ಮಾತು ಎತ್ತಿಲ್ಲ. ನಾನೇನು ಕಲ್ಲಲ್ಲ."

"ಕಿಟಕಿ ಎಷ್ಟು ಹೊತ್ತು ತೆರೆದಿರಬೇಕು ಅಂತ ಬರೆದಿದ್ರಿ?"

"ಹೊತ್ತು ಬರೆದಿಲ್ಲ. ಸದ್ದು ಶುರುವಾದ್ರೆ ತೆರಿ, ಮುಗಿದ್ರೆ ಮುಚ್ಚು, ಅಷ್ಟೇ."

"ಸದ್ದಿನ ಫೈಲೇ ಇಲ್ಲದಿದ್ರೆ?"

"ಆಗ ಕಿಟಕಿ ತೆರೆಯೋದೇ ಇಲ್ಲ. ಯಾಕೆ?"

"ಸುಮ್ನೆ ಕೇಳಿದೆ," ಎಂದರು ಮೇಡಂ. ಅವರು ಸುಮ್ಮನೆ ಕೇಳುವವರಲ್ಲ ಎಂದು ನನಗೆ ಗೊತ್ತಿತ್ತು.

ಬಸ್ ನಿಲ್ದಾಣದ ಘೋಷಣೆ ಕೊಠಡಿ ಒಂದು ಗಾಜಿನ ಗೂಡು. ಗಂಟಲು ಮೈಕಿನ ಗುಂಡಿ ಒತ್ತಿ, "ಪ್ರಯಾಣಿಕರ ಗಮನಕ್ಕೆ" ಎಂದು ಆರಂಭಿಸಿ, ಹನ್ನೊಂದನೇ ಅಂಕಣದ ಬಸ್ಸನ್ನು ಒಂಬತ್ತಕ್ಕೆ ಬದಲಾಯಿಸಿ, ಗುಂಡಿ ಬಿಟ್ಟು ನಮ್ಮ ಕಡೆ ತಿರುಗಿದಳು. ನಲವತ್ತು ದಾಟಿದ ಮುಖ. ಮೈಕಿನಲ್ಲಿ ಕೇಳಿದ ದನಿಯೇ ಬೇರೆ, ಈ ದನಿಯೇ ಬೇರೆ.

"ಹೊಸ ಓಣಿ ನೋಡಿದ್ರಾ?" ಮೇಡಂ ಕೇಳಿದರು.

"ನೋಡಿದೆ. ಹೊಟ್ಟೆ ಉರಿಯುತ್ತೆ. ನಲ್ಲಿ ಸದ್ದಿಗೆ ಅಂತ ಮೂರು ದಿನ ಒಂದು ನಲ್ಲಿ ಮುಂದೆ ಕೂತಿದ್ದೆ. ಆ ಸೈಕಲ್ಲು ನಮ್ಮ ಪಕ್ಕದ ಮನೆಯವರದು. ಚಪ್ಪಲಿ ಅಂಗಡಿ ಬೀಗ, ಬಟ್ಟೆ ಗಾಳಿಗೆ ಬಡಿಯೋದು, ಎಲ್ಲಾ ಹೋಯ್ತಲ್ಲ ಅಮ್ಮ."

"ಇನ್ನೇನಾದ್ರೂ?"

"ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು. ಅದು ನನ್ನದೇ ಹೆಜ್ಜೆ."

"ಅಷ್ಟೇನಾ?"

"ಅಷ್ಟೇ."

ಹಿಂತಿರುಗುವಾಗ ಮೇಡಂ ನಾನು ಬರೆದುಕೊಂಡದ್ದನ್ನು ಇಸಿದುಕೊಂಡು ಎರಡು ಸಲ ಓದಿದರು. ಅವರಿಗೆ ಉತ್ತರ ಸಿಕ್ಕಿತ್ತು ಅನ್ನಿಸಿತು. ಆದರೆ ಸಿಕ್ಕಿದ್ದು ಅವರಿಗೇ ಬೇಡವಾದ ಹಾಗಿತ್ತು ಮುಖ.

ನಾಲ್ಕನೇ ದಿನ ಕಂಪನಿಯ ಉತ್ತರ ಬಂತು. ಹೆಸರು ಹೇಳಲಾಗದು. ಮ್ಯಾಪನ್ನು ನಾವು ತಿದ್ದಿಲ್ಲ. ಬಂದದ್ದನ್ನು ಬಂದ ಹಾಗೆಯೇ ಅಂಗಡಿಗೆ ಹಾಕಿದ್ದೇವೆ. ಒಂದು ಸದ್ದನ್ನಾಗಲಿ ಗೋಡೆಯನ್ನಾಗಲಿ ಕೂಡಿಸಿಲ್ಲ, ಕಳೆದಿಲ್ಲ.

ಮೇಡಂ ಪತ್ರವನ್ನು ಮಡಿಸಿಟ್ಟರು. "ಮೂವರನ್ನೂ ಕರೆಸಿ."

ಸಂಜೆ ಮೂವರೂ ಬಂದರು. ಗಾರೆ ಮತ್ತು ಗೊಣಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಡುವಿನ ಕುರ್ಚಿಯಲ್ಲಿ ಗಂಟಲು ಕೂತಳು.

"ಏನು ಕದ್ದಿದಾರೆ ಅಂತ ಎಲ್ಲರೂ ನೋಡಿದ್ರಿ. ಏನು ಕದ್ದಿಲ್ಲ ಅಂತ ಯಾರೂ ನೋಡಲಿಲ್ಲ," ಎಂದರು ಮೇಡಂ. "ಎಲ್ಲಾ ಹೋಗಿದೆ. ಒಂದು ಕೆಮ್ಮು ಮಾತ್ರ ಹೋಗಿಲ್ಲ."

"ಕಂಪನಿಯವರು—" ಗಾರೆ ಬಾಯಿ ಹಾಕಿದ.

"ಅವರು ಮುಟ್ಟಿಲ್ಲ. ಪತ್ರ ಇಲ್ಲಿದೆ. ಅಂದ್ರೆ ಕೊಡೋಕೆ ಮೊದಲೇ ಯಾರೋ ಕೆಮ್ಮನ್ನ ತೆಗೆದಿದಾರೆ. ಯಾರು? ತೆಗೀರಿ ಅಂತ ಕೇಳಿದವರು ಒಬ್ಬರೇ."

"ನಾನಲ್ಲ!" ಗೊಣಗ ಎದ್ದು ನಿಂತ.

"ಕೂತ್ಕೊಳ್ಳಿ. ನೀವಲ್ಲ. ನಿಮಗೆ ಬೇಡವಾಗಿದ್ರೆ ಕೋಡಿನ ಒಂದು ಸಾಲು ಅಳಿಸ್ತಿದ್ರಿ. ಕಿಟಕಿ ತೆರೀತಾನೇ ಇರಲಿಲ್ಲ. ಗಾರೆಗೆ ಫೈಲು ತೆಗೆಯೋಕೆ ಬಂದಿದ್ರೂ ಅಷ್ಟೇ, ಕಿಟಕಿ ತೆರೀತಿರಲಿಲ್ಲ. ಆದ್ರೆ ಕಿಟಕಿ ತೆರೆಯುತ್ತೆ. ಸರಿಯಾಗಿ ಹನ್ನೊಂದು ಸೆಕೆಂಡು ತೆರೆದಿರುತ್ತೆ. ಯಾಕೆ? ಅಲ್ಲಿ ಹನ್ನೊಂದು ಸೆಕೆಂಡಿನ ಸದ್ದು ಇದೆ."

"ಏನೂ ಕೇಳಿಸಲ್ವಲ್ಲ ಮೇಡಂ!" ಎಂದ ಗಾರೆ.

"ಹೆಡ್‌ಫೋನ್ ಹಾಕಿ ಕೇಳಿ. ಮುಚ್ಚಿದ ಕೋಣೆಯ ಗಾಳಿ, ಕೆಳಗಿನ ನಲ್ಲಿ, ತೀರಾ ಸಣ್ಣಗೆ. ಕೆಮ್ಮು ತೆಗೆದು, ಅದರ ಜಾಗಕ್ಕೆ ಅದೇ ಅಳತೆಯ ಮೌನ ಕೂರಿಸಿದಾರೆ. ಹೊಲಿಗೆ ಕಾಣದ ಹಾಗೆ. ಅಷ್ಟು ಕೈ ಪಳಗಿರೋರು ನಿಮ್ಮಲ್ಲಿ ಒಬ್ಬರೇ."

ಗಾರೆ ಹೆಡ್‌ಫೋನ್ ಕೈಗೆತ್ತಿಕೊಂಡ.

"ಅವತ್ತು ನಿಮ್ಮನ್ನ ಎರಡು ಸಲ ಕೇಳಿದೆ ಅಮ್ಮ," ಮೇಡಂ ಗಂಟಲಿನ ಕಡೆ ತಿರುಗಿದರು. ದನಿ ಮೆತ್ತಗಾಗಿತ್ತು. "ನಲ್ಲಿ ಅಂದ್ರಿ, ಸೈಕಲ್ ಅಂದ್ರಿ, ಬೀಗ ಅಂದ್ರಿ. ಅಪ್ಪನ ಕೆಮ್ಮು ಅನ್ನಲಿಲ್ಲ. ಅದು ಕಳೆದುಹೋಗಿಲ್ಲ ಅಂತ ನಿಮಗೊಬ್ಬರಿಗೇ ಗೊತ್ತಿತ್ತು."

ಗಂಟಲು ತನ್ನ ಅಂಗೈ ನೋಡಿಕೊಂಡಳು.

"ಅದನ್ನ ಮಾರೋಕೆ ಆಗಲಿಲ್ಲ," ಎಂದಳು. "ಉಳಿದದ್ದೆಲ್ಲ ಆಯ್ತು. ಅದೊಂದು ಆಗಲಿಲ್ಲ."

"ಅಕ್ಕಾ!" ಗಾರೆ ಅವಳ ಕಡೆ ತಿರುಗಿದ.

"ಕಂಪನಿಯಿಂದ ಪತ್ರ ಬಂದಿತ್ತು ಕಣೋ. ವರ್ಷದ ಕೊನೆಗೆ ಆಟಗಾರರ ಮ್ಯಾಪುಗಳನ್ನೆಲ್ಲ ಅಳಿಸಿಹಾಕ್ತಾರೆ. ಕೆಲವನ್ನ ಮಾತ್ರ ಅವರೇ ತಗೊಂಡು ಉಳಿಸ್ಕೊತಾರೆ. ಹತ್ತೇ ದಿನ ಟೈಮ್. ಮಾಡಿದವರೆಲ್ಲರ ಸಹಿ ಬೇಕು. ಗೊಣಗ ಹಾಕ್ತಾನಾ? ಕಂಪನಿ ಅಂದ್ರೆ ಉರಿದು ಬೀಳ್ತಾನೆ. ನಮ್ಮ ಓಣಿ ಪೂರ್ತಿ ಅಳಿಸಿಹೋಗೋದಕ್ಕಿಂತ..."

"ಬರೀ ಅದಕ್ಕಾಗೇನಾ?" ಮೇಡಂ ಕೇಳಿದರು.

ಅವಳು ತಲೆ ಎತ್ತಲಿಲ್ಲ. "ಇಲ್ಲ. ಮ್ಯಾಪ್ ಒಬ್ಬರೇ ಮಾಡಿದ್ದಾದ್ರೆ ಆ ಏಕೈಕ ಕರ್ತೃಗೆ ಸದ್ದಿನ ವಿಭಾಗದಲ್ಲಿ ಕೆಲಸ ಕೊಡ್ತೀವಿ ಅಂದ್ರು. ಹನ್ನೆರಡು ವರ್ಷದಿಂದ ಬಸ್ಸಿನ ನಂಬರ್ ಓದ್ತಿದೀನಿ. ದಿನಾ ಸಾವಿರ ಜನ ನನ್ನ ದನಿ ಕೇಳ್ತಾರೆ, ಒಬ್ಬರೂ ಗಾಜಿನ ಕಡೆ ತಿರುಗಿ ನೋಡಲ್ಲ. ಆಸೆ ಆಯ್ತು. ಸಹಿ ಹಾಕ್ದೆ. ನಿನ್ನ ಖಾತೆ ಮುಚ್ಚಿಬಿಡ್ತಾರೆ, ನಿನ್ನನ್ನೇ ಕಳ್ಳ ಅಂತಾರೆ ಅಂತ ನನಗೆ ಗೊತ್ತಿರಲಿಲ್ಲ ಕಣೋ. ಗೊತ್ತಾದಮೇಲೂ ಬಾಯಿ ಬಿಡೋ ಧೈರ್ಯ ಬರಲಿಲ್ಲ."

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈಗ ಎರಡೇ ದಾರಿ. ಇವರು ನಿಜ ಬರೆದುಕೊಟ್ರೆ ಕಂಪನಿ ಒಪ್ಪಂದ ರದ್ದು ಮಾಡುತ್ತೆ. ಮ್ಯಾಪನ್ನ ಅಂಗಡಿಯಿಂದಲೂ ತೆಗೆಯುತ್ತೆ. ಮತ್ತೆ ಯಾವಾಗ ಬರುತ್ತೋ, ಬರುತ್ತೋ ಇಲ್ಲವೋ, ನಾನು ಹೇಳಲಾರೆ. ಇಲ್ಲ ಅಂದ್ರೆ ನೀವಿಬ್ರೂ ಸುಮ್ಮನಿರಬೇಕು. ಮ್ಯಾಪ್ ಉಳಿಯುತ್ತೆ, ನಿಮ್ಮದಾಗಿ ಅಲ್ಲ."

ಗಾರೆ ಗೋಡೆ ನೋಡುತ್ತಿದ್ದ. ಮಾತಾಡಿದ್ದು ಗೊಣಗ. ಜೀವಮಾನದಲ್ಲಿ ಮೊದಲ ಸಲವೋ ಏನೋ, ಅವನ ದನಿಯಲ್ಲಿ ಗೊಣಗಾಟವಿರಲಿಲ್ಲ.

"ಕೇಳಬೇಕಿತ್ತು ಅಕ್ಕ."

"ನೀನು ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ. ಒಂದು ವಾರ ಜಗಳ ಆಡ್ತಿದ್ದೆ. ಎಂಟನೇ ದಿನ ಬೈಕೊಂಡು ಬಂದು ಸಹಿ ಹಾಕ್ತಿದ್ದೆ. ಐದು ವರ್ಷ ಹಾಗೇ ಅಲ್ವಾ ನಾವು ಕಟ್ಟಿದ್ದು?"

ಗಂಟಲು ಮುಖ ಮುಚ್ಚಿಕೊಂಡಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಪೆನ್ ಕೊಡಿ," ಎಂದಳು.

ಹೇಳಿಕೆಯನ್ನು ಅವಳೇ ಬರೆದಳು. ಗೋಡೆ ಯಾರದು, ಕೋಡ್ ಯಾರದು, ಸದ್ದು ಯಾರದು ಎಂದು ಬಿಡಿಸಿ ಬರೆದಳು. ತನ್ನ ಹೆಸರನ್ನು ಕೊನೆಗೆ ಹಾಕಿದಳು. ಮೇಡಂ ಓದಿ ನೋಡಿದರು. ಅವರು ತಿದ್ದದೆ ಕೊಟ್ಟ ಕಾಗದ ನಾನು ಕಂಡದ್ದು ಅದೊಂದೇ.

ಗಾರೆ ಸಹಿ ಮಾಡಿ, ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದ. ಗೊಣಗ ಹೋಗಲಿಲ್ಲ. ಗಂಟಲಿನ ಪಕ್ಕದಲ್ಲೇ ಕೂತಿದ್ದ.

ಮರುದಿನ ಓಣಿ ಅಂಗಡಿಯಿಂದ ಮಾಯವಾಯಿತು. ಅದರ ಜಾಗದಲ್ಲಿ ಒಂದೇ ಸಾಲು: ಒಡೆತನ ಇತ್ಯರ್ಥವಾಗುವವರೆಗೆ ಲಭ್ಯವಿಲ್ಲ. ಕೆಲಸ ಕೊಡುತ್ತೇವೆಂದಿದ್ದ ಕಂಪನಿ ಗಂಟಲಿಗೆ ಆಮೇಲೆ ಒಂದು ಕಾಗದವನ್ನೂ ಬರೆಯಲಿಲ್ಲ. ಇತ್ಯರ್ಥಕ್ಕೆ ಆರು ತಿಂಗಳೋ ಆರು ವರ್ಷವೋ, ವಕೀಲರಿಗೂ ಗೊತ್ತಿರಲಿಲ್ಲ. ಹೇಳಿಕೆಯ ಪ್ರಕಾರ ಹಕ್ಕು ಈಗ ಮೂವರದು, ಮೂಲ ಪ್ರತಿಯೂ ಮೂವರ ಹತ್ತಿರ ಇದೆ, ಆದರೆ ಆಟ ಕಂಪನಿಯದು. ಒಳಗೆ ಹೋಗುವ ದಾರಿ ಮಾತ್ರ ಒಬ್ಬರಿಗೂ ಇಲ್ಲ.